ಸೂರ್ಯನನ್ನು ಹಿಂಬಾಲಿಸದ ಸಾಂದ್ರಕ ಸೌರಶಾಖ ಸಂಗ್ರಾಹಕ: ಕಡಿಮೆ ಖರ್ಚಿನಲ್ಲಿ 150 ಡಿಗ್ರಿ ಸಾಧ್ಯವೇ?

ಪ್ರಶ್ನೆ

ಮಾನ್ಯರೇ,

ಸಣ್ಣ ಉದ್ದಿಮೆಯೊಂದಕ್ಕೆ ಬೇಕಾದ ಶಾಖವನ್ನು ಸೂರ್ಯನಿಂದಲೇ ಪಡೆಯುವ ಉಪಕರಣವನ್ನು ರೂಪಿಸಲು ತೊಡಗಿದ್ದೇನೆ. ಅಲ್ಲಿ ಒಣಗಿಸುವ ಕೆಲಸವಿದೆ, ತೊಳೆಯುವ ಕೆಲಸವಿದೆ, ಹಬೆಯಿಂದ ಕ್ರಿಮಿಶುದ್ಧಿ ಮಾಡುವ ಕೆಲಸವೂ ಇದೆ. ಎಲ್ಲಕ್ಕೂ ಸಾಲುವಂತೆ 120ರಿಂದ 150 ಡಿಗ್ರಿ ಸೆಲ್ಸಿಯಸ್‌ನ ಬಿಸಿ ಎಣ್ಣೆಯನ್ನು ಗುರಿಯಾಗಿ ಇಟ್ಟುಕೊಂಡಿದ್ದೇನೆ. ಸಾಮಾನ್ಯ ಚಪ್ಪಟೆ ಸಂಗ್ರಾಹಕ ಆ ಉಷ್ಣತೆಗೆ ಏರುವಷ್ಟರಲ್ಲಿ ಬಿದ್ದ ಶಾಖವೆಲ್ಲ ಗಾಳಿಗೆ ಸೋರಿಹೋಗಿ, ಬಳಕೆಗೆ ಉಳಿಯುವುದು ಅತ್ಯಲ್ಪ. ಸೂರ್ಯನನ್ನು ಹಿಂಬಾಲಿಸುವ ಪರವಲಯ ತೊಟ್ಟಿಯನ್ನು, ಅಂದರೆ ಪ್ಯಾರಾಬೊಲಾ ಆಕಾರಕ್ಕೆ ಬಾಗಿಸಿದ ಉದ್ದನೆಯ ಕನ್ನಡಿಯನ್ನು, ಆರಿಸಿದರೆ ಉಷ್ಣತೆ ಸುಲಭವಾಗಿ ಸಿಗುತ್ತದೆ. ಆದರೆ ಅದರ ಮೋಟಾರು, ಗೇರು, ಸಂವೇದಕ, ಬಿಸಿ ಎಣ್ಣೆ ಸೋರದಂತೆ ತಿರುಗಬೇಕಾದ ಕೀಲು, ಗಾಳಿಯ ಹೊಡೆತ ತಡೆಯುವ ಗಟ್ಟಿ ಚೌಕಟ್ಟು ಇವುಗಳ ಖರ್ಚು ಕನ್ನಡಿಯ ಖರ್ಚನ್ನು ಮೀರುತ್ತದೆ, ದುರಸ್ತಿಯ ಚಿಂತೆಯೂ ಮುಗಿಯುವುದಿಲ್ಲ.

ಆದ್ದರಿಂದ ಬಿಸಿಲನ್ನು ಕಿರಿದಾದ ಮೈಗೆ ಒಟ್ಟುಗೂಡಿಸಿ ಹತ್ತು ಪಟ್ಟು ಸಾಂದ್ರೀಕರಿಸುವ ಪರವಲಯ ತೊಟ್ಟಿಯನ್ನು ಪೂರ್ವ-ಪಶ್ಚಿಮವಾಗಿ ಮಲಗಿಸಿ, ಅಕ್ಷಾಂಶಕ್ಕೆ ತಕ್ಕ ಓರೆಯಲ್ಲಿ ನೆಟ್ಟು, ಆಮೇಲೆ ಮುಟ್ಟದೆ ಬಿಟ್ಟರೆ ಹೇಗೆ ಎಂದು ಯೋಚಿಸಿದ್ದೇನೆ. ಸೂರ್ಯ ದಿನವಿಡೀ ಪೂರ್ವದಿಂದ ಪಶ್ಚಿಮಕ್ಕೆ ತೊಟ್ಟಿಯ ಉದ್ದಕ್ಕೇ ಸಾಗುವುದರಿಂದ ಕಿರಣಗಳು ಒಂದುಗೂಡುವ ನಾಭಿರೇಖೆ ಹೆಚ್ಚು ಕದಲಲಾರದು ಎಂಬುದು ನನ್ನ ಊಹೆ. ಈ ಯೋಜನೆ ನಡೆಯುವಂಥದ್ದೇ? ನಡೆಯದಿದ್ದರೆ, ಕದಲದ ಸಂಗ್ರಾಹಕದಿಂದ ನ್ಯಾಯವಾಗಿ ಎಷ್ಟು ಸಾಂದ್ರೀಕರಣವನ್ನು ನಿರೀಕ್ಷಿಸಬಹುದು, ಮತ್ತು ಹಣವನ್ನು ಯಾವ ಭಾಗದಲ್ಲಿ ಹೂಡಿ ಯಾವ ಭಾಗದಲ್ಲಿ ಉಳಿಸಬೇಕು?

ಮೊದಲನೆಯ ಉತ್ತರ

ಹತ್ತು ಪಟ್ಟಿನ ಪರವಲಯ ತೊಟ್ಟಿಯನ್ನು ಕದಲದಂತೆ ನೆಟ್ಟರೆ ವಿಷುವದ (ಹಗಲು ರಾತ್ರಿ ಸಮನಾಗಿರುವ ದಿನದ) ಆಸುಪಾಸಿನ ಕೆಲವು ದಿನಗಳನ್ನು ಬಿಟ್ಟು ಉಳಿದ ವರ್ಷವೆಲ್ಲ ಅದು ಬಹುತೇಕ ವ್ಯರ್ಥ. ನಿಮ್ಮ ಊಹೆ ವಿಷುವದ ದಿನಕ್ಕೆ ಮಾತ್ರ ನಿಜ. ಅಂದು ಸೂರ್ಯ ಬೆಳಗಿನಿಂದ ಸಂಜೆಯವರೆಗೆ ಸಮಭಾಜಕ ತಲದಲ್ಲೇ, ಅಂದರೆ ಭೂಮಧ್ಯರೇಖೆಯ ತಲದಲ್ಲೇ, ಸಾಗುತ್ತಾನೆ, ನಾಭಿಯೂ ಕದಲುವುದಿಲ್ಲ. ಉಳಿದ ದಿನಗಳಲ್ಲಿ ಸೂರ್ಯನ ಕ್ರಾಂತಿ, ಅಂದರೆ ಆ ತಲದಿಂದ ಸೂರ್ಯ ಸರಿದಿರುವ ಕೋನ, ಉತ್ತರಕ್ಕೂ ದಕ್ಷಿಣಕ್ಕೂ 23.45 ಡಿಗ್ರಿಯವರೆಗೆ ಸರಿಯುತ್ತದೆ. ಅದಲ್ಲದೆ ಒಂದೇ ದಿನದೊಳಗೂ ತೊಟ್ಟಿಯ ಅಡ್ಡಕೊಯ್ತದಲ್ಲಿ ಕಾಣುವ ಕೋನ ಬದಲಾಗುತ್ತಲೇ ಇರುತ್ತದೆ. ಆ ಕೋನದ ಟ್ಯಾನ್ ಬೆಲೆಯು ಕ್ರಾಂತಿಯ ಟ್ಯಾನ್ ಬೆಲೆಯನ್ನು ಹೊತ್ತಿನ ಕೋನದ ಕೊಸೈನ್‌ನಿಂದ ಭಾಗಿಸಿದಷ್ಟು. ಹೊತ್ತಿನ ಕೋನವೆಂದರೆ ನಡುಹಗಲಿನಿಂದ ಗಂಟೆಗೆ 15 ಡಿಗ್ರಿಯಂತೆ ಲೆಕ್ಕ ಹಾಕಿದ್ದು. ಅಯನಾಂತದ ದಿನ, ಅಂದರೆ ಸೂರ್ಯ ಉತ್ತರದ ಇಲ್ಲವೇ ದಕ್ಷಿಣದ ಕೊನೆಯನ್ನು ಮುಟ್ಟಿದ ದಿನ, ನಡುಹಗಲಿಗೆ 23.45 ಡಿಗ್ರಿ ಇರುವ ಕೋನ ಅದರಿಂದ ಮೂರು ಗಂಟೆ ಆಚೆಗೆ ಸುಮಾರು 31.5 ಡಿಗ್ರಿ, ನಾಲ್ಕು ಗಂಟೆ ಆಚೆಗೆ ಸುಮಾರು 41 ಡಿಗ್ರಿ ಆಗುತ್ತದೆ. ದುಂಡು ಕೊಳವೆಯ ಮೇಲೆ ಹತ್ತು ಪಟ್ಟು ಸಾಂದ್ರೀಕರಿಸುವ ಪರವಲಯವಾದರೋ ತನ್ನ ಅಕ್ಷದಿಂದ ಎರಡು ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಂದ ಕಿರಣವನ್ನು ಕೊಳವೆಯ ಪಕ್ಕಕ್ಕೆ ಎಸೆದುಬಿಡುತ್ತದೆ.

ಇದು ಪರವಲಯವೊಂದರ ದೋಷವೆಂದು ತಿಳಿದು ಬೇರೆ ವಕ್ರರೇಖೆಯಿಂದ ಹತ್ತು ಪಟ್ಟು ಗಳಿಸಲು ಹೊರಡುವವರಿದ್ದಾರೆ. ಆ ದಾರಿಯನ್ನು ಉಷ್ಣಗತಿಶಾಸ್ತ್ರದ ಎರಡನೆಯ ನಿಯಮವೇ ಮುಚ್ಚಿದೆ. ತೊಟ್ಟಿಯ ಆಕಾರದ ಯಾವ ಸಾಂದ್ರಕವೇ ಆಗಲಿ, ಅಕ್ಷದ ಎರಡೂ ಬದಿಗೆ ಒಂದು ಕೋನದವರೆಗಿನ ಬೆಳಕನ್ನೆಲ್ಲ ಸ್ವೀಕರಿಸಬೇಕಾದರೆ, ಅದರ ಸಾಂದ್ರೀಕರಣ ಆ ಕೋನದ ಸೈನ್ ಬೆಲೆಯ ವಿಲೋಮವನ್ನು ಮೀರಲಾರದು. 30 ಡಿಗ್ರಿಗೆ 2 ಪಟ್ಟು, 35 ಡಿಗ್ರಿಗೆ 1.74 ಪಟ್ಟು. ಈ ಗರಿಷ್ಠ ಮಿತಿಯನ್ನು ಮುಟ್ಟುವ ಆಕಾರವೇ ಸಂಯುಕ್ತ ಪರವಲಯ ಸಾಂದ್ರಕ, ರೂಢಿಯಲ್ಲಿ ಸಿಪಿಸಿ. ಭೌತವಿಜ್ಞಾನಿ ರೋಲಂಡ್ ವಿನ್‌ಸ್ಟನ್ ಇದನ್ನು 1960ರ ದಶಕದ ನಡುವಿನಲ್ಲಿ ರೂಪಿಸಿದ್ದು ಸೌರಶಕ್ತಿಗಾಗಿ ಅಲ್ಲ, ಕಣಭೌತಶಾಸ್ತ್ರದ ಪ್ರಯೋಗಗಳಲ್ಲಿ ಅತಿ ವೇಗದ ಕಣಗಳು ಹೊಮ್ಮಿಸುವ ಮಸುಕಾದ ಚೆರೆಂಕೋವ್ ಬೆಳಕನ್ನು ಹಿಡಿಯುವುದಕ್ಕಾಗಿ. ಸೌರ ಸಂಗ್ರಾಹಕಕ್ಕೆ ಅದು ಬಂದದ್ದು 1970ರ ದಶಕದಲ್ಲಿ. ಇದು ಸೂರ್ಯನ ಬಿಂಬವನ್ನು ಎಲ್ಲಿಯೂ ಮೂಡಿಸುವುದಿಲ್ಲ. ಕಿರಣ ಹೇಗಾದರೂ ಬರಲಿ, ಕೊನೆಗೆ ಕೊಳವೆಗೆ ತಾಗಿದರೆ ಸಾಕು ಎಂಬುದಷ್ಟೇ ಅದರ ಗುರಿ, ಹಾಗಾಗಿ ತಯಾರಿಕೆಯ ಸಣ್ಣಪುಟ್ಟ ಓರೆಕೋರೆಗಳನ್ನೂ ಅದು ಕ್ಷಮಿಸುತ್ತದೆ.

ಪೂರ್ವ-ಪಶ್ಚಿಮವಾಗಿ ಮಲಗಿ, ಬಾಯಿಯು ಸಮಭಾಜಕ ತಲದತ್ತ ನೋಡುವಂತೆ ಅಕ್ಷಾಂಶದಷ್ಟೇ ಓರೆಯಾದ ಸಿಪಿಸಿಗೆ ಎರಡೂ ಬದಿಗೆ 30 ಡಿಗ್ರಿಯ ಸ್ವೀಕಾರವಿದ್ದರೆ, ಅಯನಾಂತದ ದಿನವೂ ಸುಮಾರು ಐದೂವರೆ ಗಂಟೆ ಬಿಸಿಲು ಸಿಗುತ್ತದೆ. 35 ಡಿಗ್ರಿಗೆ ಹಿಗ್ಗಿಸಿದರೆ ಸುಮಾರು ಏಳು ಗಂಟೆ. ವಿಷುವದ ಹತ್ತಿರ ಇದಕ್ಕಿಂತ ಹೆಚ್ಚು. ಓರೆಯನ್ನು ಅಕ್ಷಾಂಶಕ್ಕೆ ಹೊಂದಿಸಿದ ಮೇಲೆ ಈ ಲೆಕ್ಕ ಯಾವ ಪ್ರದೇಶಕ್ಕಾದರೂ ಒಂದೇ, ದಿಗಂತದ ಕೆಳಗೆ ಹೋದ ಸೂರ್ಯನನ್ನು ಮಾತ್ರ ಕಳೆಯಬೇಕು. ನನ್ನ ಆಯ್ಕೆ 35 ಡಿಗ್ರಿ.

ಇನ್ನು ನಿಮ್ಮ ಮೂಲ ಪ್ರಶ್ನೆ. ಎರಡು ಪಟ್ಟಿಗೂ ಕಡಿಮೆ ಸಾಂದ್ರೀಕರಣದಿಂದ 150 ಡಿಗ್ರಿ ಹೇಗೆ ಬರುತ್ತದೆ ಎಂಬ ಸಂದೇಹ ಸಹಜ. ಸಾಂದ್ರೀಕರಣದಿಂದ ಬಿಸಿಲಿನ ಮೊತ್ತ ಹೆಚ್ಚುವುದಿಲ್ಲ, ಬಾಯಿಯ ಮೇಲೆ ಬಿದ್ದಷ್ಟೇ ಬಿಸಿಲು. ಅದರ ಲಾಭವೆಲ್ಲ ಶಾಖ ಸೋರುವ ಮೈ ಕಿರಿದಾಗುವುದರಲ್ಲಿದೆ. ಹಾಗಾದರೆ ಸೋರುವಿಕೆಯನ್ನೇ ಬೇರೆ ರೀತಿಯಲ್ಲಿ ತಗ್ಗಿಸಬಹುದಾದರೆ ದೊಡ್ಡ ಸಾಂದ್ರೀಕರಣದ ಹಂಗೇ ಬೇಡ. 150 ಡಿಗ್ರಿಯಲ್ಲಿರುವ ಸಾಧಾರಣ ಕಪ್ಪು ಬಣ್ಣದ ಮೈ, 27 ಡಿಗ್ರಿಯ ಸುತ್ತಲಿಗೆ ಪ್ರತಿ ಚದರ ಮೀಟರಿಗೆ 1200 ವ್ಯಾಟ್ಟಿನಷ್ಟು ಶಾಖವನ್ನು ಬರಿಯ ವಿಕಿರಣದಿಂದಲೇ ಕಳೆದುಕೊಳ್ಳಬಲ್ಲದು. ನಿಚ್ಚಳ ನಡುಹಗಲಿನ ಬಿಸಿಲೇ ಸುಮಾರು 1000 ವ್ಯಾಟ್! ಬಿಸಿಲನ್ನು ಹೀರಿ ಶಾಖವಿಕಿರಣವನ್ನು ತಡೆಯುವ ಸೆಲೆಕ್ಟಿವ್ ಲೇಪವಿದ್ದ ಮೈಯ ಉತ್ಸರ್ಜಕತೆ (ಪೂರ್ಣ ಕಪ್ಪು ಮೈಗೆ ಹೋಲಿಸಿದರೆ ಅದು ಹೊರಸೂಸುವ ಶಾಖವಿಕಿರಣದ ಪಾಲು) 0.07 ಎಂದಿಟ್ಟುಕೊಂಡರೆ ಅದೇ ನಷ್ಟ 95 ವ್ಯಾಟ್ಟಿಗೆ ಇಳಿಯುತ್ತದೆ. ಸುತ್ತ ನಿರ್ವಾತವಿದ್ದರೆ ಗಾಳಿಯ ಮೂಲಕ ಆಗುವ ನಷ್ಟವೂ ನಿಂತಂತೆಯೇ.

ಈ ಎರಡೂ ಗುಣಗಳುಳ್ಳ ವಸ್ತು ಮನೆಬಳಕೆಯ ನೀರು ಕಾಯಿಸುವ ಉಪಕರಣಗಳಿಗಾಗಿ ಅಪಾರ ಸಂಖ್ಯೆಯಲ್ಲಿ ತಯಾರಾಗುತ್ತಿದೆ: ಹೊರಗಾಜು 58 ಮಿಲಿಮೀಟರ್, ಲೇಪವಿರುವ ಒಳಗಾಜು 47 ಮಿಲಿಮೀಟರ್ ವ್ಯಾಸದ ಜೋಡಿಗಾಜಿನ ನಿರ್ವಾತ ಕೊಳವೆ. ಹಣವನ್ನು ಇಲ್ಲಿ ಹೂಡಿ. ಒಳಗಾಜಿನ ಸುತ್ತಳತೆ ಸುಮಾರು 148 ಮಿಲಿಮೀಟರ್. ಅದರ ಒಂದೂವರೆ ಪಟ್ಟು, ಅಂದರೆ ಸುಮಾರು 220 ಮಿಲಿಮೀಟರ್, ಬಾಯಗಲದ ಪ್ರತಿಫಲಕವನ್ನು ಕೊಟ್ಟರೆ 1.7 ಮೀಟರ್ ಉದ್ದದ ಕೊಳವೆಯೊಂದು ನೋಡುವ ಬಿಸಿಲು ಚದರ ಮೀಟರಿನ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚಾಗುತ್ತದೆ. 900 ವ್ಯಾಟ್ಟಿನ ಬಿಸಿಲಿನಲ್ಲಿ, ಬೆಳಕಿನ ನಷ್ಟಗಳನ್ನೆಲ್ಲ ಕಳೆದು 65 ಶೇಕಡಾ ಒಳಸೇರುತ್ತದೆ ಎಂದು ಹಿಡಿದರೆ, 220 ವ್ಯಾಟ್ಟಿನಷ್ಟು ಹೀರಿ ವಿಕಿರಣದಿಂದ 25 ವ್ಯಾಟ್ಟಿನಷ್ಟನ್ನು ಮಾತ್ರ ಬಿಟ್ಟುಕೊಡುತ್ತದೆ. ಅದೇ ಕೊಳವೆ ಪ್ರತಿಫಲಕವಿಲ್ಲದೆ ನಿಂತರೆ ನೇರ ಬಿಸಿಲಿನಿಂದ 60 ವ್ಯಾಟ್ ಹೀರಿ ಅದೇ 25 ವ್ಯಾಟ್ ಕಳೆದುಕೊಳ್ಳುತ್ತದೆ. ತಗಡಿನ ಹಾಳೆಯೊಂದು ಹಲವು ಕೊಳವೆಗಳ ಕೆಲಸ ಮಾಡುವುದು ಹೀಗೆ.

ಎರಡನೆಯ ಉತ್ತರ

ಮೇಲಿನ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಅದು ಪ್ರಶ್ನೆಯಲ್ಲಿರುವ ಒಂದು ಗಂಟನ್ನು ಬಿಚ್ಚದೆ ಮುಂದೆ ಹೋಗಿದೆ. ಒಣಗಿಸಲು ಬೇಕಾಗುವ ಗಾಳಿ ಹೆಚ್ಚಿನ ಸಂದರ್ಭಗಳಲ್ಲಿ 60ರಿಂದ 80 ಡಿಗ್ರಿ, ತೊಳೆಯುವ ನೀರು ಅದಕ್ಕಿಂತಲೂ ಕಡಿಮೆ. 120 ಡಿಗ್ರಿ ಬೇಕಾಗಿರುವುದು ಕ್ರಿಮಿಶುದ್ಧಿಗೆ ಮಾತ್ರ. ಮೂರಕ್ಕೂ 150 ಡಿಗ್ರಿಯ ಎಣ್ಣೆಯನ್ನೇ ಬಳಸುವುದೆಂದರೆ ಅಗ್ಗದ ಶಾಖ ಸಾಲುವ ಕಡೆಗೂ ದುಬಾರಿ ಶಾಖವನ್ನು ಸುರಿದಂತೆ. ಕೆಲಸಗಳನ್ನು ಉಷ್ಣತೆಯ ಪ್ರಕಾರ ವಿಂಗಡಿಸಿ, ಬಹುಭಾಗವನ್ನು ಚಪ್ಪಟೆ ಸಂಗ್ರಾಹಕಕ್ಕೆ ಬಿಟ್ಟು, ಉಳಿದಷ್ಟಕ್ಕೆ ಮಾತ್ರ ನಿರ್ವಾತ ಕೊಳವೆ ಮತ್ತು ಸಿಪಿಸಿಯನ್ನು ಹೂಡುವುದು ವಿವೇಕ.

ಚಪ್ಪಟೆ ಸಂಗ್ರಾಹಕಕ್ಕೂ ಸಾಂದ್ರೀಕರಣದ ಲಾಭವನ್ನು ಕೊಡಬಹುದು. ಎರಡೂ ಬದಿಗೆ ಓರೆಯಾಗಿ ಚಪ್ಪಟೆ ಕನ್ನಡಿಗಳನ್ನು ನಿಲ್ಲಿಸಿದರೆ ಅಡ್ಡಕೊಯ್ತದಲ್ಲಿ ಆಂಗ್ಲ 'ವಿ' ಅಕ್ಷರದಂತೆ ಕಾಣುವ ತೊಟ್ಟಿಯಾಗುತ್ತದೆ. ಯಾವ ವಕ್ರರೇಖೆಯನ್ನೂ ಬಾಗಿಸಬೇಕಿಲ್ಲ. ಇದೇ ಸ್ವೀಕಾರ ಕೋನದ ಸಿಪಿಸಿಗಿಂತ ಅದರ ಸಾಂದ್ರೀಕರಣ ಕಡಿಮೆಯೇ, ಆದರೂ ನೂರು ಡಿಗ್ರಿಯೊಳಗಿನ ಕೆಲಸಕ್ಕೆ ಸಾಕು. 1911ರಲ್ಲಿ ಅಮೆರಿಕದ ಸಂಶೋಧಕ ಫ್ರಾಂಕ್ ಶೂಮನ್ ಫಿಲಡೆಲ್ಫಿಯಾದ ಟಾಕೋನಿಯಲ್ಲಿ ಗಾಜು ಹೊದಿಸಿದ ಶಾಖಪೆಟ್ಟಿಗೆಗಳ ಇಕ್ಕೆಲಗಳಲ್ಲಿ ಕನ್ನಡಿಗಳನ್ನು ನಿಲ್ಲಿಸಿ, ಕಡಿಮೆ ಒತ್ತಡದ ಹಬೆ ಎಬ್ಬಿಸಿ ಎಂಜಿನ್ ಓಡಿಸಿದ್ದು ಇದೇ ತತ್ತ್ವದಿಂದ. ಎರಡೇ ವರ್ಷಗಳಲ್ಲಿ, 1913ರಲ್ಲಿ, ಈಜಿಪ್ಟಿನ ಮಾದಿಯಲ್ಲಿ ಆತ ಸೂರ್ಯನನ್ನು ಹಿಂಬಾಲಿಸುವ ಪರವಲಯ ತೊಟ್ಟಿಗಳಿಗೆ ಹೋದದ್ದೂ ನಿಜ. ಆದರೆ ಆಗ ಸೆಲೆಕ್ಟಿವ್ ಲೇಪವೂ ಅಗ್ಗದ ನಿರ್ವಾತ ಕೊಳವೆಯೂ ಇರಲಿಲ್ಲ.

ಇನ್ನೊಂದು ಮಾತು. ಹಿಂಬಾಲಿಸದ ಉಪಕರಣವೆಂದರೆ ಎಂದಿಗೂ ಮುಟ್ಟಬಾರದ ಉಪಕರಣವೆಂದೇನೂ ಅಲ್ಲ. ಓರೆಯನ್ನು ವರ್ಷಕ್ಕೆ ನಾಲ್ಕು ಸಲ ಕೈಯಿಂದ ಬದಲಿಸಲು ಒಪ್ಪುವುದಾದರೆ ಸ್ವೀಕಾರವನ್ನು 19.5 ಡಿಗ್ರಿಗೆ ಇಳಿಸಿ 3 ಪಟ್ಟು ಸಾಂದ್ರೀಕರಣ ಪಡೆಯಬಹುದು. ಕ್ರಾಂತಿ ಎರಡೂ ಬದಿಗೆ 12 ಡಿಗ್ರಿಯೊಳಗೆ ಇರುವಾಗ ಅಕ್ಷಾಂಶದಷ್ಟು ಓರೆ, ಅದನ್ನು ದಾಟಿದಾಗ ಸೂರ್ಯನಿರುವ ಕಡೆಗೆ ಸುಮಾರು 27 ಡಿಗ್ರಿ ವಾಲಿಕೆ. ಹೀಗೆ ಮೂರೇ ನೆಲೆಗಳಲ್ಲಿ, ಸೂರ್ಯ ದಿಗಂತದ ಮೇಲಿರುವ ಮಟ್ಟಿಗೆ, ಯಾವ ದಿನವೂ ಏಳು ಗಂಟೆಗೆ ಕಡಿಮೆಯಾಗದ ಬಿಸಿಲು ಸಿಗುತ್ತದೆ. ಬದಲಿಸುವ ಕಾಲ ಫೆಬ್ರವರಿ, ಏಪ್ರಿಲ್, ಆಗಸ್ಟ್ ಮತ್ತು ಅಕ್ಟೋಬರ್ ತಿಂಗಳುಗಳ ಉತ್ತರಾರ್ಧ. ಒಂದು ಕೀಲು, ಮೂರು ತೂತುಗಳ ಪಟ್ಟಿ, ಒಂದು ಬೋಲ್ಟು ಇದ್ದರೆ ಆಯಿತು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಕೆಲಸಗಳನ್ನು ವಿಂಗಡಿಸುವ ಸಲಹೆಯನ್ನು ಒಪ್ಪಿಕೊಂಡಿದ್ದೇನೆ. 120 ಡಿಗ್ರಿಯ ಭಾಗಕ್ಕೆ ಮಾತ್ರ ನಿರ್ವಾತ ಕೊಳವೆ ಮತ್ತು ಸಿಪಿಸಿ. ಆದರೆ ಮೂರು ಪಟ್ಟಿನ ಸಿಪಿಸಿಯ ಚಿತ್ರ ಬಿಡಿಸಿ ನೋಡಿದಾಗ ಅದರ ಆಳ ಗಾಬರಿ ಹುಟ್ಟಿಸಿತು, ಬಾಯಗಲಕ್ಕಿಂತ ಎತ್ತರವೇ ಹೆಚ್ಚಾಗಿ ಕನ್ನಡಿಯ ಹಾಳೆ ವಿಪರೀತ ಬೇಕಾಗುತ್ತದೆ. ಆಳವನ್ನು ಕತ್ತರಿಸಬಹುದೇ? ವಕ್ರರೇಖೆಯನ್ನು ಸಾಧಾರಣ ಕಾರ್ಯಾಗಾರದಲ್ಲಿ ಹೇಗೆ ಎಳೆಯುವುದು, ಪ್ರತಿಫಲಕಕ್ಕೆ ಯಾವ ವಸ್ತು, ಮತ್ತು ಕೊಳವೆಯೊಳಗಿನ ಶಾಖವನ್ನು ಹೊರತೆಗೆಯುವುದು ಹೇಗೆ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಮೂರನೆಯ ಉತ್ತರ

ನಾನು ಇಂಥ ಪ್ರತಿಫಲಕಗಳ ತಯಾರಿಕೆಯ ಕೆಲಸವನ್ನು ಹತ್ತಿರದಿಂದ ಬಲ್ಲವನಾದ್ದರಿಂದ ಈ ಭಾಗಕ್ಕೆ ಉತ್ತರಿಸುತ್ತೇನೆ.

ಆಳವನ್ನು ಧಾರಾಳವಾಗಿ ಕತ್ತರಿಸಿ. ಸಿಪಿಸಿಯ ಮೇಲಿನ ಅಂಚಿನ ಬಳಿ ಕನ್ನಡಿಯು ಅಕ್ಷಕ್ಕೆ ಹೆಚ್ಚುಕಡಿಮೆ ಸಮಾಂತರವಾಗಿ ನಿಂತಿರುತ್ತದೆ, ಹಾಳೆಯನ್ನು ನುಂಗುತ್ತದೆಯೇ ಹೊರತು ಬಾಯಿಯನ್ನು ಅಗಲಿಸುವುದಿಲ್ಲ. ಚಪ್ಪಟೆ ಹೀರುಫಲಕದ 2 ಪಟ್ಟಿನ ಸಿಪಿಸಿಯ ಪೂರ್ಣ ಎತ್ತರ ಅದರ ಬಾಯಗಲದ 1.3ರಷ್ಟಿದೆ. ಸರಿಯಾಗಿ ಅರ್ಧಕ್ಕೆ ಕತ್ತರಿಸಿದರೂ 2 ಪಟ್ಟು 1.82ಕ್ಕೆ ಇಳಿಯುತ್ತದೆ, ಅಷ್ಟೆ. ಒಂಬತ್ತು ಶೇಕಡಾ ಸಾಂದ್ರೀಕರಣ ಬಿಟ್ಟುಕೊಟ್ಟು ಹಾಳೆಯನ್ನು ಬಹುತೇಕ ಅರ್ಧ ಉಳಿಸಬಹುದು. ಕತ್ತರಿಸಿದ ತೊಟ್ಟಿ ಸ್ವೀಕಾರ ಕೋನದ ಆಚೆಯ ಬೆಳಕನ್ನೂ ಸ್ವಲ್ಪ ಒಳಬಿಡುವುದರಿಂದ ಮೋಡ ಚದುರಿಸಿದ ಬೆಳಕು ಇನ್ನಷ್ಟು ಸಿಗುತ್ತದೆ. ಚದುರಿದ ಬೆಳಕಿನಲ್ಲಿ ಸಿಪಿಸಿ ಸ್ವೀಕರಿಸುವುದು ಸಾಂದ್ರೀಕರಣದ ವಿಲೋಮದಷ್ಟು: 1.5 ಪಟ್ಟಾದರೆ ಮೂರರಲ್ಲಿ ಎರಡು ಭಾಗ, 3 ಪಟ್ಟಾದರೆ ಮೂರರಲ್ಲಿ ಒಂದೇ ಭಾಗ. ಮಬ್ಬು ಆಕಾಶ ಹೆಚ್ಚಿರುವ ಕಡೆ ಮೂರು ಪಟ್ಟಿನ ಹಿಂದೆ ಹೋಗಬಾರದೆಂಬುದಕ್ಕೆ ಇದೂ ಒಂದು ಕಾರಣ. ಮೊದಲನೆಯ ಉತ್ತರದ 35 ಡಿಗ್ರಿಯ ಆಕಾರವನ್ನೇ 1.74ರಿಂದ 1.5ಕ್ಕೆ ಕತ್ತರಿಸಿ ಬಳಸಿ.

ದುಂಡು ಕೊಳವೆಯ ಸುತ್ತಲಿನ ವಕ್ರರೇಖೆಗೆ ಗಣಕಯಂತ್ರ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಅದರ ಕೆಳಭಾಗ ಕೊಳವೆಗೆ ಸುತ್ತಿದ ದಾರವನ್ನು ಬಿಗಿಯಾಗಿ ಹಿಡಿದು ಬಿಚ್ಚುತ್ತಾ ಹೋದಾಗ ದಾರದ ತುದಿ ಬರೆಯುವ ಗೆರೆ. ಮೇಲ್ಭಾಗಕ್ಕೆ ದಾರದ ಇನ್ನೊಂದು ತುದಿಯನ್ನು, ಸ್ವೀಕಾರ ಕೋನದ ಅಂಚಿನ ಕಿರಣಕ್ಕೆ ಲಂಬವಾಗಿ ಇಟ್ಟ ಸರಳಿನ ಮೇಲೆ ಜಾರುವ ಉಂಗುರಕ್ಕೆ ಕಟ್ಟಬೇಕು. ಉಂಗುರದಿಂದ ಪೆನ್ಸಿಲ್ಲಿನವರೆಗಿನ ದಾರ ಸದಾ ಸರಳಿಗೆ ಲಂಬವಾಗಿರುವಂತೆ ಜಾರಿಸುತ್ತಾ, ದಾರವನ್ನು ಬಿಗಿಯಾಗಿ ಇಟ್ಟು ಪೆನ್ಸಿಲ್ಲನ್ನು ಸಾಗಿಸಿದರೆ ಉಳಿದ ಗೆರೆ ಬರುತ್ತದೆ. 47 ಮಿಲಿಮೀಟರಿನ ಅಚ್ಚುದಿಮ್ಮಿಯ ಸುತ್ತ ಹೀಗೆ ಪ್ಲೈವುಡ್ಡಿನ ಮೇಲೆ ಎಳೆದು, ಪಕ್ಕೆಲುಬುಗಳನ್ನು ಕತ್ತರಿಸಿ, ಅರ್ಧ ಮೀಟರಿಗೊಂದರಂತೆ ನಿಲ್ಲಿಸಿ, ತೆಳುಹಾಳೆಯನ್ನು ಅವುಗಳ ಮೇಲೆ ಒತ್ತಿ ಕೂರಿಸಬಹುದು. ಮೇಲ್ಮೈ ಒಂದು ಡಿಗ್ರಿ ಓರೆಯಾದರೆ ಪ್ರತಿಫಲಿತ ಕಿರಣ ಎರಡು ಡಿಗ್ರಿ ತಪ್ಪುತ್ತದೆ. 35 ಡಿಗ್ರಿಯ ಸ್ವೀಕಾರದಲ್ಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿಲ್ಲ.

ಲೇಪವಿರುವುದು ಒಳಗಾಜಿನ ಮೇಲೆ, ಕನ್ನಡಿ ಇರಬೇಕಾದದ್ದು ಹೊರಗಾಜಿನ ಹೊರಗೆ, ನಡುವೆ ಐದೂವರೆ ಮಿಲಿಮೀಟರಿನ ಸಂದು. ದಾರ ಬಿಚ್ಚಿದ ಗೆರೆಯ ಮೊದಲ ತುಣುಕು ಈ ಸಂದಿನೊಳಗೇ ಬೀಳುವುದರಿಂದ ಅದನ್ನು ಬಿಟ್ಟುಬಿಡಬೇಕಾಗುತ್ತದೆ. ಅಲ್ಲಿ ಕೆಲವು ಶೇಕಡಾ ಬೆಳಕು ತಪ್ಪಿಸಿಕೊಳ್ಳುತ್ತದೆ. ಕೊಳವೆಯ ಕೆಳಗೆ ತಗಡನ್ನು ಮೊನೆ ಮೇಲಾಗಿ ಮಡಿಸಿದ ಸಣ್ಣ ಏಣೊಂದನ್ನು ಇಟ್ಟರೆ ಅದರ ಬಹುಭಾಗ ಹಿಂತಿರುಗುತ್ತದೆ. ಆದರೆ ತೊಟ್ಟಿಯ ತಳದಲ್ಲಿ ಮಳೆನೀರೂ ಧೂಳೂ ಹರಿದುಹೋಗುವ ಸೀಳನ್ನು ಬಿಡಲೇಬೇಕು, ನೀರು ನಿಂತ ಪ್ರತಿಫಲಕ ಬೇಗ ಹಾಳಾಗುತ್ತದೆ.

ವಸ್ತುವಿನ ವಿಷಯದಲ್ಲಿ ಜಿಪುಣತನ ಬೇಡ. ಬೆಳಕಿನ ಉಪಕರಣಗಳಿಗೆಂದೇ ಆನೋಡೀಕರಿಸಿದ ಅಲ್ಯುಮಿನಿಯಂ ಹಾಳೆ ಸುಮಾರು 85ರಿಂದ 90 ಶೇಕಡಾ ಬೆಳಕನ್ನು ಹಿಂದಿರುಗಿಸುತ್ತದೆ, ಬಯಲಿನಲ್ಲೂ ತಾಳುತ್ತದೆ. ಹೊಳಪಿನ ಸ್ಟೇನ್‌ಲೆಸ್ ಉಕ್ಕು ಕಣ್ಣಿಗೆ ಕನ್ನಡಿಯಂತೆ ಕಂಡರೂ ಹಿಂದಿರುಗಿಸುವುದು ಮೂರರಲ್ಲಿ ಎರಡು ಭಾಗದಷ್ಟನ್ನು ಮಾತ್ರ. ಅಡುಗೆಮನೆಯ ಅಲ್ಯುಮಿನಿಯಂ ಹಾಳೆಯನ್ನು ಅಂಟಿಸುವವರಿದ್ದಾರೆ, ಪ್ರಯೋಗಕ್ಕೆ ಸರಿ. ಸುಕ್ಕುಗಳಿಂದ ಬೆಳಕು ಚದುರುವುದಲ್ಲದೆ ಕೆಲವೇ ಮಳೆಗಳಲ್ಲಿ ಅದು ಮಂಕಾಗುತ್ತದೆ. ಸಿಪಿಸಿಯ ಅನುಕೂಲವೆಂದರೆ ಬಹಳಷ್ಟು ಕಿರಣಗಳು ಒಂದೇ ಸಲ ಪ್ರತಿಫಲಿಸುತ್ತವೆ, ಕೆಲವು ಕನ್ನಡಿಗೆ ತಾಗದೆ ನೇರವಾಗಿ ಕೊಳವೆಗೇ ಬೀಳುತ್ತವೆ.

ಶಾಖ ಹೊರತೆಗೆಯಲು ಉಷ್ಣನಳಿಕೆ, ಅಂದರೆ ಹೀಟ್ ಪೈಪ್, ಬಳಸುವ ಆಸೆಯಾಗಬಹುದು. ಅದು ಓರೆಯಾಗಿ ನಿಂತರೆ ಮಾತ್ರ ಕೆಲಸ ಮಾಡುತ್ತದೆ, ಒಳಗಿನ ದ್ರವ ತುದಿಯಲ್ಲಿ ತಣಿದು ತಾನೇ ಕೆಳಗೆ ಹರಿಯಬೇಕು. ಪೂರ್ವ-ಪಶ್ಚಿಮವಾಗಿ ಮಟ್ಟಸ ಮಲಗಿದ ಕೊಳವೆಗೆ ಅದು ಒಗ್ಗದು. ಇಲ್ಲಿ ಬೇಕಾದದ್ದು ಒಳಗೆ ಹೋಗಿ ತಿರುಗಿ ಬರುವ ತಾಮ್ರದ ಕೊಳವೆ, ಅದನ್ನು ಒಳಗಾಜಿಗೆ ಒತ್ತಿ ಹಿಡಿಯುವ ಅಲ್ಯುಮಿನಿಯಂ ರೆಕ್ಕೆ. ಈ ರೆಕ್ಕೆ ಸಡಿಲವಾದರೆ ಲೇಪ ಬಿಸಿಯಾಗುತ್ತದೆ, ಎಣ್ಣೆ ಆಗುವುದಿಲ್ಲ. ಉಷ್ಣನಳಿಕೆಯೇ ಬೇಕೆಂದರೆ ಕೊಳವೆಗಳನ್ನು ಉತ್ತರ-ದಕ್ಷಿಣವಾಗಿ ಓರೆಯಲ್ಲಿ ನಿಲ್ಲಿಸಬೇಕು. ಆಗ ಸೂರ್ಯನ ಗಂಟೆಗೆ 15 ಡಿಗ್ರಿಯ ಓಟವೇ ಅಡ್ಡಕೊಯ್ತಕ್ಕೆ ಬರುವುದರಿಂದ, ಎಂಟು ಗಂಟೆ ಬಿಸಿಲಿಗೆ 60 ಡಿಗ್ರಿಯ ಸ್ವೀಕಾರ ಬೇಕು, ಸಾಂದ್ರೀಕರಣ 1.15ಕ್ಕೆ ನಿಲ್ಲುತ್ತದೆ.

ನಾಲ್ಕನೆಯ ಉತ್ತರ

ವಿನ್ಯಾಸದ ಮಾತು ಇಷ್ಟು ನಡೆದಿರುವಾಗ ಅಪಾಯದ ಮಾತೂ ಬರಬೇಕು. ಈ ಉಪಕರಣವನ್ನು ಆರಿಸುವ ಗುಂಡಿಯೇ ಇಲ್ಲ. ಹಿಂಬಾಲಿಸುವ ತೊಟ್ಟಿಯನ್ನು ಸೂರ್ಯನಿಂದ ಬೇರೆ ಕಡೆಗೆ ತಿರುಗಿಸಬಹುದು, ಇದನ್ನು ತಿರುಗಿಸುವ ಹಾಗಿಲ್ಲ. ಪಂಪು ನಿಂತರೆ ಅಥವಾ ವಿದ್ಯುತ್ತು ಹೋದರೆ ಸೆಲೆಕ್ಟಿವ್ ಲೇಪದ ನಿರ್ವಾತ ಕೊಳವೆಯ ಒಳಮೈ 200 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ, ಪ್ರತಿಫಲಕದ ಜೊತೆಗೆ ಇನ್ನೂ ಮೇಲಕ್ಕೆ ಹೋಗುತ್ತದೆ. ಎಣ್ಣೆಯನ್ನು ಆರಿಸುವಾಗ ದಿನನಿತ್ಯದ 120 ಡಿಗ್ರಿಯನ್ನು ನೋಡದೆ ಈ ನಿಂತ ಸ್ಥಿತಿಯ ಉಷ್ಣತೆಯನ್ನು ನೋಡಬೇಕು. ಸೀಲುಗಳಿಗೂ ಶಾಖನಿರೋಧಕಕ್ಕೂ ಇದೇ ಅಳತೆಗೋಲು. ಎಣ್ಣೆ ಬಿಸಿಗೆ ಹಿಗ್ಗುವುದರಿಂದ ಹಿಗ್ಗುತೊಟ್ಟಿಯನ್ನು ಮರೆಯಬಾರದು.

ಎಣ್ಣೆಯ ಬದಲು ನೀರನ್ನೇ ಒತ್ತಡದಲ್ಲಿ ಹರಿಸುವ ಯೋಚನೆಯಿದ್ದರೆ, 120 ಡಿಗ್ರಿಯಲ್ಲಿ ನೀರಿನ ಹಬೆಯೊತ್ತಡ ಸುಮಾರು 2 ಬಾರ್, 150 ಡಿಗ್ರಿಯಲ್ಲಿ ಸುಮಾರು 4.8 ಬಾರ್, 180 ಡಿಗ್ರಿಯಲ್ಲಿ ಸುಮಾರು 10 ಬಾರ್ ಎಂಬುದು ನೆನಪಿನಲ್ಲಿರಲಿ. ಪಂಪು ನಿಂತ ಒಂದು ಮಧ್ಯಾಹ್ನ ಮೊದಲ ಅಂಕಿಯಿಂದ ಕೊನೆಯ ಅಂಕಿಗೆ ಹೋಗುವುದು ಕಷ್ಟವೇನಲ್ಲ. ತಾಮ್ರದ ಕೊಳವೆ, ಬೆಸುಗೆ, ಒತ್ತಡ ಬಿಡುಗಡೆಯ ಕವಾಟ ಎಲ್ಲವನ್ನೂ ಅದಕ್ಕೆ ತಕ್ಕಂತೆ ಆರಿಸಿ, ಕವಾಟದ ಬಾಯಿಯನ್ನು ಜನ ಓಡಾಡದ ಕಡೆಗೆ ತಿರುಗಿಸಿ.

ಜೋಡಣೆಯನ್ನು ಬಿಸಿಲು ಏರುವ ಮೊದಲೇ ಮುಗಿಸಿ, ಅಥವಾ ಕೊಳವೆಗಳ ಮೇಲೆ ಬಟ್ಟೆ ಹೊದಿಸಿಟ್ಟು ಕೆಲಸ ಮಾಡಿ. ಖಾಲಿ ಕಾದ ಕೊಳವೆಗೆ ತಣ್ಣನೆಯ ದ್ರವ ನುಗ್ಗಿದರೆ ಒಳಗಾಜು ಸೀಳಬಹುದು. ತಾಮ್ರದ ಕೊಳವೆಯ ಮೂಲಕ ಹರಿಯುವ ವ್ಯವಸ್ಥೆಯಲ್ಲಿ ಈ ಭಯ ಕಡಿಮೆ, ಆದರೆ ಅಲ್ಲಿಯೂ ಒಳಗೆ ಸಿಕ್ಕಿದ ದ್ರವ ಒಮ್ಮೆಲೇ ಆವಿಯಾಗಿ ಹಿಮ್ಮೆಟ್ಟಬಹುದು. ಹೊದಿಕೆಯ ಬಟ್ಟೆಯನ್ನು ಆಮೇಲೆ ಎಸೆಯದೆ ಉಪಕರಣದ ಪಕ್ಕದಲ್ಲೇ ಸುರುಳಿ ಸುತ್ತಿಡಿ. ಉದ್ದಿಮೆಗೆ ರಜೆಯಿದ್ದ ದಿನಗಳಲ್ಲಿ ಬಿಸಿಲನ್ನು ತಡೆಯಲು ಇರುವ ಉಪಾಯ ಅದೊಂದೇ.